ಗ್ರೀಕ್ ಪ್ರಹಸನದಲ್ಲಿ ಕನ್ನಡ ಹುಡುಕುವವರಿಗೆ ಒಂದು ಮಾತು

ನವೆಂಬರ್ ಸಮೀಪಿಸಿತೆಂದರೆ ನನ್ನ ಮೊಬೈಲಿಗೆ ಒಂದು ಸಂದೇಶ ತಪ್ಪದೆ ಬಂದು ಸೇರುತ್ತದೆ. ಕಳುಹಿಸುವವರು ನೀವೇ: ನನ್ನ ಹಳೆಯ ವಿದ್ಯಾರ್ಥಿಗಳು, ಅಣ್ಣತಮ್ಮಂದಿರ ಮಕ್ಕಳು, ಬೀಗರು, ನೆಂಟರು. ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ಗ್ರೀಕ್ ನಾಟಕವೊಂದರಲ್ಲಿ ಕನ್ನಡ ಮಾತುಗಳಿದ್ದವು, ಆದುದರಿಂದ ಕನ್ನಡಿಗರೇ ಹೆಮ್ಮೆಪಡಿ, ಹತ್ತು ಜನರಿಗೆ ಕಳುಹಿಸಿ ಎಂಬುದು ಅದರ ಸಾರಾಂಶ. ನಾನೂ ಇಷ್ಟು ವರ್ಷ ಕೈಮುಗಿದ ಚಿತ್ರವೊಂದನ್ನು ಮರಳಿ ಕಳುಹಿಸಿ ಸುಮ್ಮನಿರುತ್ತಿದ್ದೆ. ಈ ಸಲ ಉತ್ತರವನ್ನೇ ಬರೆಯೋಣವೆಂದು ನಿರ್ಧರಿಸಿದ್ದೇನೆ. ಸ್ವಲ್ಪ ದೀರ್ಘವಾದೀತು, ಸ್ವಲ್ಪ ಖಾರವೂ ಆದೀತು. ತರಗತಿಯಲ್ಲಿ ನನ್ನನ್ನು ಸಹಿಸಿಕೊಂಡವರಿಗೆ ಇದು ಹೊಸದಲ್ಲ.

ನನ್ನ ಆಕ್ಷೇಪಣೆ ಕನ್ನಡದ ಹೆಮ್ಮೆಯ ಕುರಿತಾದುದಲ್ಲ. ಈ ಸಂದೇಶವನ್ನು ಕಳುಹಿಸಿದವರಲ್ಲಿ ಒಬ್ಬರಾದರೂ ‘ಆ ನಾಟಕ ಯಾವುದು? ಅದರ ಕಥೆಯೇನು? ಅದನ್ನು ನೋಡಿ ಜನ ಏಕೆ ನಕ್ಕರು?’ ಎಂದು ಕೇಳಿಲ್ಲವೆಂಬುದೇ ನನ್ನ ಆಕ್ಷೇಪಣೆ. ನಾಟಕದಿಂದ ನಾಲ್ಕು ಪದಗಳನ್ನು ಕಿತ್ತುಕೊಂಡು ನಾಟಕವನ್ನು ಆಚೆ ಎಸೆದಿದ್ದೇವೆ. ಹಾಸ್ಯನಾಟಕವೆಂದರೆ ಓದಿ ತಿಳಿಯಬೇಕಾದ ವಿಷಯವೇ ಅಲ್ಲ, ಅದಕ್ಕೊಂದು ಇತಿಹಾಸವಾಗಲಿ, ಶೈಲಿಗಳ ಪರಂಪರೆಯಾಗಲಿ ಇಲ್ಲವೆಂಬ ಉದಾಸೀನವೇ ಇದಕ್ಕೆ ಕಾರಣ. ಪಾಶ್ಚಾತ್ಯ ರಂಗಭೂಮಿಯ ಹಾಸ್ಯಪರಂಪರೆಯನ್ನು ತಿಳಿಯದೆ ಆ ‘ಕನ್ನಡ’ ಮಾತುಗಳ ವಿಷಯದಲ್ಲಿ ಹೆಮ್ಮೆಪಡುವುದಕ್ಕಾಗಲಿ ನಾಚಿಕೊಳ್ಳುವುದಕ್ಕಾಗಲಿ ನಮಗೆ ಅಧಿಕಾರವಿಲ್ಲ.

ಮೊದಲು ವಸ್ತುಸ್ಥಿತಿಯನ್ನು ನೋಡೋಣ. ಈಜಿಪ್ಟಿನ ಕೈರೋ ನಗರದ ದಕ್ಷಿಣಕ್ಕೆ ಸುಮಾರು 160 ಕಿಲೋಮೀಟರ್ ದೂರದಲ್ಲಿ ಆಕ್ಸಿರಿಂಕಸ್ ಎಂಬ ಪ್ರಾಚೀನ ಪಟ್ಟಣವಿತ್ತು. ಆ ಪಟ್ಟಣದ ತಿಪ್ಪೆಗಳನ್ನು ಗ್ರೆನ್‌ಫೆಲ್ ಮತ್ತು ಹಂಟ್ ಎಂಬ ಇಬ್ಬರು ಆಂಗ್ಲ ವಿದ್ವಾಂಸರು 1896ರಿಂದ ಅಗೆಯತೊಡಗಿದರು. ಮರಳಿನಡಿಯಲ್ಲಿ ಒಣಗಿ ಉಳಿದಿದ್ದ ಸಾವಿರಾರು ಪಪೈರಸ್ ತುಣುಕುಗಳು ದೊರೆತವು. ತೆರಿಗೆಯ ರಸೀದಿ, ಮನೆಯವರಿಗೆ ಬರೆದ ಕಾಗದ, ಹೋಮರನ ಪದ್ಯ ಎಲ್ಲವೂ ಆ ಕಸದಲ್ಲಿದ್ದವು. ಅವುಗಳಲ್ಲಿ 413ನೆಯ ಸಂಖ್ಯೆಯ ಪಪೈರಸ್ 1903ರಲ್ಲಿ ಅಚ್ಚಾಯಿತು. ಅದರ ಬರವಣಿಗೆ ಕ್ರಿಸ್ತಶಕ ಎರಡನೆಯ ಶತಮಾನದ್ದೆಂದು ಎಣಿಸಲಾಗಿದೆ. ಒಂದು ಮಗ್ಗುಲಲ್ಲಿರುವುದು ನಮ್ಮ ಪ್ರಹಸನ. ಅದರ ನಾಯಕಿಯ ಹೆಸರು ಕ್ಯಾರಿಟಿಯಾನ್. ನಾಯಕಿಯ ಹೆಸರಿನಿಂದಲೇ ವಿದ್ವಾಂಸರು ಅದನ್ನು ಕರೆಯುತ್ತಾರೆ. ಇನ್ನೊಂದು ಮಗ್ಗುಲಲ್ಲಿ, ಗಂಡನಿಗೆ ವಿಷವಿಕ್ಕಲು ಹೊರಟ ಯಜಮಾನಿಯೊಬ್ಬಳ ಕಥೆಯಿರುವ ಬೇರೊಂದು ನಾಟಕವಿದೆ.

ಕಥೆ ಹೀಗಿದೆ. ಕ್ಯಾರಿಟಿಯಾನ್ ಗ್ರೀಕ್ ತರುಣಿ. ಭಾರತದ ಕರಾವಳಿಯ ಅರಸನೊಬ್ಬನ ವಶದಲ್ಲಿ, ಚಂದ್ರದೇವತೆಯ ಗುಡಿಯಲ್ಲಿ ಸೆರೆಯಾಗಿದ್ದಾಳೆ. ಅವಳನ್ನು ಬಿಡಿಸಿಕೊಂಡು ಹೋಗಲು ಅವಳ ಅಣ್ಣ ಹಡಗಿನವರೊಡನೆ ಬಂದಿದ್ದಾನೆ. ಜೊತೆಯಲ್ಲೊಬ್ಬ ಕೋಡಂಗಿ. ಗ್ರೀಕರು ಮದ್ಯಕ್ಕೆ ನೀರು ಬೆರೆಸಿ ಕುಡಿಯುವ ಪದ್ಧತಿಯವರು. ಇಲ್ಲಿ ಅರಸನಿಗೂ ಅವನ ಪರಿವಾರಕ್ಕೂ ನೀರು ಬೆರೆಸದ ಮದ್ಯವನ್ನೇ ಕುಡಿಸುತ್ತಾರೆ. ಅವರು ಅಮಲೇರಿ ಕುಣಿಯುತ್ತಾರೆ, ಗ್ರೀಕರು ಹುಡುಗಿಯನ್ನು ಕರೆದುಕೊಂಡು ಹಡಗು ಹತ್ತುತ್ತಾರೆ. ಅರಸನೂ ಅವನ ಜನರೂ ಆಡುವ, ಗ್ರೀಕ್ ಅಲ್ಲದ ಮಾತುಗಳನ್ನು ಗ್ರೀಕ್ ಲಿಪಿಯಲ್ಲೇ ಬರೆಯಲಾಗಿದೆ. ಚರ್ಚೆಯೆಲ್ಲ ಆ ಮಾತುಗಳ ಸುತ್ತ.

ನಿಮ್ಮ ಸಂದೇಶಗಳಲ್ಲಿ ಎಂದೂ ಕಾಣಿಸಿಕೊಳ್ಳದ ಸಂಗತಿಯೊಂದಿದೆ. ಈ ನಾಟಕದ ಕೋಡಂಗಿಯ ಮುಖ್ಯ ಆಯುಧ ಖಡ್ಗವಲ್ಲ, ಅಪಾನವಾಯು. ಅಚ್ಚಗನ್ನಡದಲ್ಲಿ ಹೇಳುವುದಾದರೆ ಹೂಸು. ಅವನು ಅದನ್ನು ದೇವತೆಯೆಂದು ಸಂಬೋಧಿಸಿ ಮೊರೆಯಿಡುತ್ತಾನೆ, ಶತ್ರುಗಳ ಮೇಲೆ ಅದನ್ನೇ ಪ್ರಯೋಗಿಸುತ್ತಾನೆ. ಇದು ಎಲ್ಲೋ ಒಂದೆಡೆ ನುಸುಳಿದ ಪೋಲಿಮಾತಲ್ಲ, ನಾಟಕದ ಉದ್ದಕ್ಕೂ ಹರಿಯುವ ಹಾಸ್ಯ. ಕನ್ನಡದ ಪ್ರಾಚೀನತೆಗೆ ಸಾಕ್ಷಿಯೆಂದು ನಾವು ತಲೆಯ ಮೇಲೆ ಹೊತ್ತು ಮೆರೆಸುತ್ತಿರುವ ಗ್ರಂಥ ಇದು. ಭಾಷಣಕಾರರಿಗೆ ಇದು ಗೊತ್ತಿದ್ದೂ ಮುಚ್ಚಿಟ್ಟಿದ್ದರೆ ಅದು ಅಪ್ರಾಮಾಣಿಕತೆ. ಗೊತ್ತೇ ಇಲ್ಲದಿದ್ದರೆ ಓದದೆ ಮಾತನಾಡಿದ ತಪ್ಪು. ಎರಡರಲ್ಲಿ ಯಾವುದು ಸಣ್ಣದೆಂದು ನೀವೇ ತೀರ್ಮಾನಿಸಿ.

ಎದುರು ಪಕ್ಷಕ್ಕೆ ನ್ಯಾಯ ಸಲ್ಲಿಸಬೇಕಾದುದೂ ನನ್ನ ಕರ್ತವ್ಯ. ಆ ಮಾತುಗಳಲ್ಲಿ ಕನ್ನಡವಿದೆಯೆಂದು ಮೊದಲು ಸೂಚಿಸಿದವರು ಬೀದಿಯ ಭಾಷಣಕಾರರಲ್ಲ. ಮದ್ರಾಸ್ ಸರ್ಕಾರದ ಶಾಸನತಜ್ಞರಾಗಿ ದುಡಿದಿದ್ದ ಜರ್ಮನ್ ವಿದ್ವಾಂಸ ಹುಲ್ಷ್ ಅವರು 1904ರಲ್ಲಿ ಹಾಗೆ ಬರೆದರು. ಕೌಟಿಲ್ಯನ ಅರ್ಥಶಾಸ್ತ್ರವನ್ನು ಬೆಳಕಿಗೆ ತಂದ ನಮ್ಮ ಆರ್. ಶಾಮಶಾಸ್ತ್ರಿಗಳು ಅದೇ ಜಾಡಿನಲ್ಲಿ ಮುಂದುವರಿದರು. ಗೋವಿಂದ ಪೈಗಳೂ ಆ ಬಗ್ಗೆ ಆಲೋಚಿಸಿದರು. ಅದರಲ್ಲಿ ತುಳುವನ್ನು ಕಂಡವರಿದ್ದಾರೆ, ನಮ್ಮ ಮಲ್ಪೆಯ ಹೆಸರನ್ನು ಕಂಡವರೂ ಇದ್ದಾರೆ. ಆ ಕಾಲದಲ್ಲಿ ಈಜಿಪ್ಟಿನ ಬಂದರುಗಳಿಂದ ಹಡಗುಗಳು ಮೆಣಸಿಗಾಗಿ ನಮ್ಮ ಪಶ್ಚಿಮ ಕರಾವಳಿಗೆ ಬರುತ್ತಿದ್ದುದು ನಿಜ. ನಾವಿಕನೊಬ್ಬನ ಬಾಯಲ್ಲಿ ಇಲ್ಲಿಯ ನಾಲ್ಕು ಮಾತು ಅಲ್ಲಿಗೆ ಹೋಗಿರುವುದು ಅಸಂಭವವೇನೂ ಅಲ್ಲ.

ಆದರೆ ಬ್ರಿಟಿಷ್ ಮ್ಯೂಸಿಯಮ್ಮಿನ ಬಾರ್ನೆಟ್ ಅವರು 1926ರಲ್ಲಿ ಈ ಓದನ್ನು ಒಪ್ಪದೆ ಬರೆದರೆಂಬುದನ್ನೂ ನಿಮ್ಮ ಸಂದೇಶ ಹೇಳಬೇಕಲ್ಲವೆ? ವ್ಯಾಕರಣ ಕಲಿತ ನಿಮಗೊಂದು ಪ್ರಶ್ನೆ. ಹಳಗನ್ನಡದಲ್ಲಿ ‘ಹಾಲು’ ‘ಪಾಲ್’ ಆಗಿತ್ತು, ‘ಹೂವು’ ‘ಪೂ’ ಆಗಿತ್ತು. ಪಕಾರವು ಹಕಾರವಾಗುವುದು ಪಂಪನ ಕಾಲದ ಆಸುಪಾಸಿನಿಂದ ಮುಂದಿನ ಸಂಗತಿ. ಹಾಗಿರುವಾಗ ಎರಡನೆಯ ಶತಮಾನದ ಅರಸನ ಬಾಯಲ್ಲಿ ‘ಹಾಕಿ’ ಎಂಬ ಹೊಸಗನ್ನಡದ ರೂಪವನ್ನು ಓದುವುದು ಹೇಗೆ? ಈ ಪ್ರಶ್ನೆಯನ್ನು ಭಾಷಾಶಾಸ್ತ್ರಜ್ಞರಿಗೆ ಬಿಟ್ಟುಬಿಡುತ್ತೇನೆ. ಅದು ಕನ್ನಡವೇ ಆಗಿದ್ದರೆ ನನಗೂ ಸಂತೋಷವೇ. ನಾನು ಕೇಳುತ್ತಿರುವುದು ಬೇರೆ: ಅವು ಕನ್ನಡವೇ ಆಗಿರಲಿ, ತುಳುವೇ ಆಗಿರಲಿ, ಬರಿಯ ಗಿಲಿಗಿಲಿ ಶಬ್ದವೇ ಆಗಿರಲಿ, ಆ ಮಾತುಗಳು ರಂಗದ ಮೇಲೆ ಮಾಡುತ್ತಿದ್ದ ಕೆಲಸವೇನು?

ಇದಕ್ಕೆ ಉತ್ತರ ನಿಘಂಟಿನಲ್ಲಿ ಸಿಗುವುದಿಲ್ಲ. ಹಾಸ್ಯನಾಟಕದ ಚರಿತ್ರೆಯಲ್ಲಿ ಸಿಗುತ್ತದೆ. ಪ್ರೇಕ್ಷಕರಿಗೆ ಅರ್ಥವಾಗದ ಪರಭಾಷೆಯನ್ನು ರಂಗದ ಮೇಲೆ ಆಡಿಸಿ ನಗಿಸುವುದು ಪಾಶ್ಚಾತ್ಯ ಹಾಸ್ಯದ ಅತಿ ಹಳೆಯ ತಂತ್ರಗಳಲ್ಲೊಂದು. ಈ ಒಂದು ತಂತ್ರವನ್ನೇ ಹಿಡಿದು ಅಥೆನ್ಸಿನಿಂದ ಹೊರಟರೆ ಇಡೀ ಪರಂಪರೆಯನ್ನು ಸುತ್ತಿ ಬರಬಹುದು.

ಅಥೆನ್ಸಿನಲ್ಲಿ ಡಯೊನೈಸಸ್ ದೇವರ ಮಹೋತ್ಸವದಲ್ಲಿ ಹಾಸ್ಯನಾಟಕಗಳ ಸ್ಪರ್ಧೆ ಕ್ರಿ.ಪೂ. 486ರಲ್ಲಿ ಆರಂಭವಾಯಿತೆಂದು ಹೇಳುತ್ತಾರೆ. ಅರಿಸ್ಟೋಫನೀಸನ ‘ಅಕಾರ್ನಿಯನ್ಸ್’ ಕ್ರಿ.ಪೂ. 425ರ ನಾಟಕ. ಸ್ಪಾರ್ಟಾದೊಡನೆ ಯುದ್ಧ ನಡೆಯುತ್ತಿದ್ದ ಕಾಲ. ಪರ್ಷಿಯಾಕ್ಕೆ ಹೋಗಿದ್ದ ರಾಯಭಾರಿಗಳು ವರ್ಷಗಟ್ಟಲೆ ಸರ್ಕಾರಿ ಭತ್ಯದಲ್ಲಿ ಸುಖಪಟ್ಟು ಮರಳಿ, ಪರ್ಷಿಯದ ದೊರೆಯ ಅಧಿಕಾರಿಯೊಬ್ಬನನ್ನು ಸಭೆಗೆ ಕರೆತರುತ್ತಾರೆ. ಅವನ ಪದವಿಯ ಹೆಸರು ‘ದೊರೆಯ ಕಣ್ಣು’. ಅವನು ಪರ್ಷಿಯನ್ನಿನಂತೆ ಕೇಳಿಸುವ ಒಂದು ಸಾಲನ್ನು ಉಚ್ಚರಿಸುತ್ತಾನೆ. ರಾಯಭಾರಿ ಅದನ್ನು ‘ದೊರೆ ನಮಗೆ ಚಿನ್ನ ಕಳುಹಿಸುತ್ತಾನಂತೆ’ ಎಂದು ಅನುವಾದಿಸುತ್ತಾನೆ. ಮರುಕ್ಷಣವೇ ಆ ಅಧಿಕಾರಿ ಹರಕುಮುರುಕು ಗ್ರೀಕಿನಲ್ಲಿ ಚಿನ್ನವಿಲ್ಲವೆಂದು ಹೇಳಿಬಿಡುತ್ತಾನೆ. ಆ ಒಂದು ಸಾಲಿನಲ್ಲಿ ನಿಜವಾದ ಪ್ರಾಚೀನ ಪರ್ಷಿಯನ್ ಭಾಷೆಯನ್ನು ಓದಲು ವಿದ್ವಾಂಸರು ಹೆಣಗಿದ್ದಾರೆ, ನಮ್ಮ ಪಪೈರಸ್ಸಿನಲ್ಲಿ ಕನ್ನಡವನ್ನು ಓದಲು ಹೆಣಗಿದಂತೆಯೇ. ಆದರೆ ನಾಟಕದ ಏಟು ಬೀಳುವುದು ಪರ್ಷಿಯನ್ನರ ಮೇಲಲ್ಲ. ಜನರ ದುಡ್ಡಿನಲ್ಲಿ ಮೆರೆದು, ಬಂದು ಸುಳ್ಳು ಹೇಳುವ ಅಥೆನ್ಸಿನ ಅಧಿಕಾರಿಗಳ ಮೇಲೆ.

ಇದು ಬಿಟ್ಟಿ ನಗೆಯಾಗಿರಲಿಲ್ಲ. ಹಿಂದಿನ ವರ್ಷವಷ್ಟೇ ಬೇರೊಂದು ನಾಟಕದಲ್ಲಿ, ಪರದೇಶದವರು ಕುಳಿತಿದ್ದ ಉತ್ಸವದಲ್ಲಿ, ಅರಿಸ್ಟೋಫನೀಸ್ ನಗರದ ಮಾನ ಕಳೆದನೆಂದು ಪ್ರಬಲ ರಾಜಕಾರಣಿ ಕ್ಲಿಯಾನ್ ಅವನನ್ನು ಸಭೆಯ ಮುಂದೆ ಎಳೆದಿದ್ದನು. ಅರಿಸ್ಟೋಫನೀಸ್ ಬೆದರಲಿಲ್ಲ. ಕ್ರಿ.ಪೂ. 414ರ ‘ಪಕ್ಷಿಗಳು’ ನಾಟಕದಲ್ಲಿ ಅದೇ ತಂತ್ರವನ್ನು ದೇವತೆಗಳ ಮೇಲೂ ಪ್ರಯೋಗಿಸಿದನು. ಅಲ್ಲಿ ಸಂಧಾನಕ್ಕೆ ಬರುವ ದೇವರುಗಳಲ್ಲಿ ಒಬ್ಬ ಅನಾಗರಿಕ ದೇವರು. ಅವನ ಗೊಣಗಾಟ ಯಾರಿಗೂ ತಿಳಿಯದು. ಅದನ್ನು ‘ಒಪ್ಪಿಗೆ ಕೊಟ್ಟ’ ಎಂದು ಅರ್ಥೈಸಿಕೊಂಡು ಮತ ಎಣಿಸುತ್ತಾರೆ!

ಇನ್ನು ರೋಮಿಗೆ ಬನ್ನಿ. ಪ್ಲಾಟಸನ ‘ಪೀನುಲಸ್’ ಎಂದರೆ ‘ಪುಟ್ಟ ಕಾರ್ತೇಜಿಗ’. ಹ್ಯಾನಿಬಲ್ಲನೊಡನೆ ನಡೆದ ಯುದ್ಧ ಕ್ರಿ.ಪೂ. 201ರಲ್ಲಿ ಮುಗಿದಿತ್ತು. ಆ ಗಾಯ ಮಾಯುವ ಮುನ್ನವೇ ಪ್ಲಾಟಸ್ ಕಾರ್ತೇಜಿನ ವೃದ್ಧ ಹ್ಯಾನ್ನೊನನ್ನು ರಂಗಕ್ಕೆ ತಂದು ಅವನ ಬಾಯಲ್ಲಿ ಪ್ಯೂನಿಕ್ ಭಾಷೆಯನ್ನೇ ಆಡಿಸಿದನು. ಅದು ಗಿಲಿಗಿಲಿಯಲ್ಲ. ಅಳಿದುಹೋದ ಆ ಭಾಷೆಯನ್ನು ತಿಳಿಯಲು ಇಂದಿಗೂ ಆ ಸಾಲುಗಳು ಆಧಾರ. ಮಿಲ್ಫಿಯೊ ಎಂಬ ಗುಲಾಮ ತನಗೆ ಆ ಭಾಷೆ ಬರುತ್ತದೆಂದು ಜಂಬ ಕೊಚ್ಚಿ ಬಾಯಿಗೆ ಬಂದಂತೆ ಅನುವಾದಿಸುತ್ತಾನೆ. ಸಾಕುಸಾಕಾದ ಹ್ಯಾನ್ನೊ ಶುದ್ಧ ಲ್ಯಾಟಿನ್ನಿನಲ್ಲಿ ಮಾತಿಗಿಳಿದಾಗ ಮಿಲ್ಫಿಯೊನ ಬಣ್ಣ ಬಯಲಾಗುತ್ತದೆ. ಹ್ಯಾನ್ನೊ ಬಂದದ್ದು ಅಪಹರಣಕ್ಕೊಳಗಾದ ತನ್ನ ಇಬ್ಬರು ಹೆಣ್ಣುಮಕ್ಕಳನ್ನು ಹುಡುಕಿಕೊಂಡು. ರೋಮನರು ತಮ್ಮ ಪರಮಶತ್ರುವಿನ ನಾಡಿನ ಒಬ್ಬ ತಂದೆಯ ಸಂಕಟವನ್ನು ತಮ್ಮದೇ ಉತ್ಸವದಲ್ಲಿ ಕುಳಿತು ನೋಡಿದರು. ಇಂಥದನ್ನು ‘ಬರಿಯ ನಗೆನಾಟಕ’ ಎಂದು ಪಕ್ಕಕ್ಕಿಡುವವರ ರಸಜ್ಞತೆಗೆ ಏನೆನ್ನಬೇಕು?

ನಮ್ಮ ಪಪೈರಸ್ಸಿನ ನಾಟಕ ಇವೆರಡರ ಜಾತಿಯದಲ್ಲ. ಅದು ಗ್ರೀಕರು ‘ಮೈಮ್’ ಎಂದು ಕರೆಯುತ್ತಿದ್ದ ಪ್ರಕಾರ. ಇಂದು ನಾವು ಮೂಕಾಭಿನಯಕ್ಕೆ ಬಳಸುವ ಮೈಮ್ ಅಲ್ಲ. ಮಾತು, ಹಾಡು, ಕುಣಿತ ಎಲ್ಲ ಸೇರಿದ ಜನಪ್ರಿಯ ಆಟ. ದುರಂತನಾಟಕದಲ್ಲೂ ಅರಿಸ್ಟೋಫನೀಸನ ಹಾಸ್ಯನಾಟಕದಲ್ಲೂ ಗಂಡಸರೇ ಮುಖವಾಡ ಧರಿಸಿ ಹೆಣ್ಣಿನ ಪಾತ್ರವನ್ನೂ ಮಾಡುತ್ತಿದ್ದರು. ಮೈಮಿನಲ್ಲಿ ಮುಖವಾಡವಿರಲಿಲ್ಲ, ಹೆಂಗಸರೇ ಹೆಣ್ಣಿನ ಪಾತ್ರ ವಹಿಸುತ್ತಿದ್ದರು. ಶಿಷ್ಟರು ಇದನ್ನು ಕೀಳೆಂದರು, ಜನ ಮುಗಿಬಿದ್ದು ನೋಡಿದರು. ಪಪೈರಸ್ಸಿನಲ್ಲಿ ಪಾತ್ರಗಳನ್ನು ಅಕ್ಷರಸಂಕೇತಗಳಿಂದ ಗುರುತಿಸಲಾಗಿದೆ, ಅಲ್ಲಲ್ಲಿ ವಾದ್ಯಗಳ ಬಡಿತಕ್ಕೆ ಗುರುತುಗಳಿವೆ. ಅಂದರೆ ಇದು ಪಂಡಿತರು ಓದಲು ಬರೆಸಿಕೊಂಡ ಕಾವ್ಯವಲ್ಲ, ಮೇಳದವರು ಆಡಲು ಇಟ್ಟುಕೊಂಡ ಪ್ರತಿ. ಯಕ್ಷಗಾನದ ಪ್ರಸಂಗಪ್ರತಿಯನ್ನು ಕಂಡಿರುವ ನನ್ನ ಕರಾವಳಿಯ ಶಿಷ್ಯರಿಗೆ ಇದು ಬೇಗ ಹೊಳೆಯಬೇಕು.

ಮತ್ತೊಂದು ವಿಶೇಷವೆಂದರೆ ಈ ಕಥೆ ಯೂರಿಪಿಡೀಸನ ಘನಗಂಭೀರ ನಾಟಕವೊಂದರ ಅಣಕ. ‘ಟಾರಿಸ್‌ನಲ್ಲಿ ಇಫಿಜೀನಿಯಾ’ ನಾಟಕದಲ್ಲಿ ಇಫಿಜೀನಿಯಾ ದೂರದ ಅನಾಗರಿಕ ರಾಜ್ಯವೊಂದರ ದೇವಿಯ ಗುಡಿಯಲ್ಲಿದ್ದಾಳೆ. ಅವಳ ತಮ್ಮ ಸ್ನೇಹಿತನೊಡನೆ ಹಡಗಿನಲ್ಲಿ ಬರುತ್ತಾನೆ, ಅರಸನನ್ನು ವಂಚಿಸಿ ಪಾರಾಗುತ್ತಾರೆ. ಅದೇ ಎಲುಬಿನ ಹಂದರಕ್ಕೆ ಇಲ್ಲಿ ಹೆಂಡವನ್ನೂ ಹೂಸನ್ನೂ ತುಂಬಲಾಗಿದೆ. ಮೂಲವನ್ನು ಅರಿತವನಿಗೆ ನಗೆ ಇಮ್ಮಡಿಯಾಗುತ್ತಿತ್ತು, ಅರಿಯದವನಿಗೂ ಕಡಿಮೆಯೇನೂ ಆಗುತ್ತಿರಲಿಲ್ಲ. ಯೂರಿಪಿಡೀಸ್ ತೀರಿಕೊಂಡು ಐನೂರಕ್ಕೂ ಹೆಚ್ಚು ವರ್ಷಗಳಾದ ಮೇಲೆ, ನೂರಾರು ಮೈಲಿ ದೂರದ ಈಜಿಪ್ಟಿನ ಒಂದು ಪಟ್ಟಣದಲ್ಲಿ ಅವನ ಕಥೆಯನ್ನು ಅಣಕಿಸಿ ನಗುವಷ್ಟು ನಾಟಕಸಂಸ್ಕಾರ ಆ ಜನರಿಗಿತ್ತು. ನನಗೆ ಇದೇ ದೊಡ್ಡ ಸಂಗತಿಯಾಗಿ ಕಾಣುತ್ತದೆ.

ಅದೇ ತಂತ್ರ ಮುಂದೆಯೂ ನಡೆಯಿತು. ಹದಿನಾರನೆಯ ಶತಮಾನದ ಇಟಲಿಯಲ್ಲಿ ‘ಕಮೇಡಿಯಾ ದೆಲ್ಲಾರ್ಟೆ’ ಎಂಬ ವೃತ್ತಿಮೇಳಗಳು ಹುಟ್ಟಿದವು. ನಟರು ಕೂಡಿ ಮೇಳ ಕಟ್ಟಿ ಪಡುವಾ ನಗರದಲ್ಲಿ 1545ರಲ್ಲಿ ಮಾಡಿಕೊಂಡ ಕರಾರುಪತ್ರ ಉಳಿದಿದೆ. ಅವರ ಪಾತ್ರಗಳಿಗೆ ಮುಖವಾಡವಿದ್ದಂತೆಯೇ ಒಂದೊಂದು ಊರಿನ ನುಡಿಯೂ ಇತ್ತು. ಜಿಪುಣ ವರ್ತಕ ಪಾಂತಲೋನೆಯದು ವೆನಿಸ್ಸಿನ ನುಡಿ. ಪಂಡಿತಂಮನ್ಯ ದೊತ್ತೋರೆಯದು ಬೊಲೋನ್ಯಾದ ನುಡಿ, ಮೇಲೆ ಕೊಳೆತ ಲ್ಯಾಟಿನ್ನಿನ ಒಗ್ಗರಣೆ. ಹಸಿದ ಆಳು ಜಾನ್ನಿಯದು ಬೆರ್ಗಮೊ ಬೆಟ್ಟದ ನುಡಿ. ಬರೆದ ಸಂಭಾಷಣೆಯಿಲ್ಲ, ಕಥೆಯ ಹಂದರ ಮಾತ್ರ. ಉಳಿದುದೆಲ್ಲ ನಟನ ಮೈಯಲ್ಲಿ, ನಾಲಿಗೆಯಲ್ಲಿ. ಇದೇ ಪರಂಪರೆಯಿಂದ ಪ್ರೇರಣೆ ಪಡೆದ ದಾರಿಯೊ ಫೊ 1969ರ ‘ಮಿಸ್ತೆರೊ ಬುಫೊ’ದಲ್ಲಿ ಅರ್ಥವಿಲ್ಲದ, ಆದರೆ ಒಂದು ಭಾಷೆಯ ರಾಗವನ್ನು ಹೊತ್ತ ಶಬ್ದಗಳಿಂದಲೇ ಹಸಿದ ಜಾನ್ನಿಯ ಗೋಳನ್ನು ಆಡಿ ತೋರಿಸಿದನು. ಅವನಿಗೆ 1997ರಲ್ಲಿ ನೊಬೆಲ್ ಸಾಹಿತ್ಯ ಪ್ರಶಸ್ತಿ ಬಂತು. ‘ಅರ್ಥವಿಲ್ಲದ ಮಾತಿಗೂ ನೊಬೆಲ್ಲೇ?’ ಎಂದು ಮೂಗು ಮುರಿಯುವವರು ಮತ್ತೆ ಅರಿಸ್ಟೋಫನೀಸನಿಂದ ಓದತೊಡಗಲಿ.

ಮೊಲಿಯೇರನ ತಂಡ ಪ್ಯಾರಿಸ್ಸಿನಲ್ಲಿ ಇಂಥ ಇಟಾಲಿಯನ್ ಮೇಳದೊಡನೆ ಒಂದೇ ರಂಗಮಂದಿರವನ್ನು ಹಂಚಿಕೊಂಡಿತ್ತು. ತುರ್ಕಿಯ ಸುಲ್ತಾನನ ದೂತನೊಬ್ಬ 1669ರಲ್ಲಿ ಫ್ರಾನ್ಸಿಗೆ ಬಂದ ಮರುವರ್ಷ ಮೊಲಿಯೇರನು ಹದಿನಾಲ್ಕನೆಯ ಲೂಯಿಯ ಮುಂದೆ ‘ಲೆ ಬೂರ್ಜ್ವಾ ಜಾಂತಿಯೋಮ್’ ಆಡಿದನು. ಸಂಗೀತ ಲುಲಿಯದು. ಕುಲೀನನೆನಿಸಿಕೊಳ್ಳುವ ಹುಚ್ಚು ಹಿಡಿದ ವರ್ತಕ ಜೂರ್ದೇನನ ಮಗಳನ್ನು ಮದುವೆಯಾಗಲು ತರುಣನೊಬ್ಬ ತುರ್ಕಿಯ ಯುವರಾಜನ ವೇಷ ಹಾಕುತ್ತಾನೆ. ಅವನು ಎರಡೇ ಶಬ್ದ ಉಚ್ಚರಿಸುತ್ತಾನೆ, ಸೇವಕ ಕೊವಿಯೆಲ್ ಅದಕ್ಕೆ ಮಾರುದ್ದದ ಅರ್ಥ ಹೇಳುತ್ತಾನೆ. ಇಷ್ಟು ಚಿಕ್ಕ ಮಾತಿನಲ್ಲಿ ಅಷ್ಟೆಲ್ಲ ಅಡಗಿದೆಯೇ ಎಂದು ಜೂರ್ದೇನ ಬೆರಗಾದರೆ, ತುರ್ಕಿ ಭಾಷೆಯೇ ಹಾಗೆ ಎಂಬ ಸಮಾಧಾನ ಸಿಗುತ್ತದೆ. ಅಥೆನ್ಸಿನ ರಾಯಭಾರಿ, ರೋಮಿನ ಮಿಲ್ಫಿಯೊ, ಪ್ಯಾರಿಸ್ಸಿನ ಕೊವಿಯೆಲ್ ಮೂವರೂ ಒಂದೇ ವಂಶದವರು: ಸುಳ್ಳು ದುಭಾಷಿಗಳು. ತುರ್ಕರ ಉಡುಗೆ ಮತ್ತು ಆಚಾರಗಳನ್ನು ಆಡಿಕೊಂಡು ನಕ್ಕದ್ದೂ ಅಲ್ಲಿದೆ, ಅದನ್ನು ಅಡಗಿಸಬೇಕಾಗಿಲ್ಲ. ಆದರೆ ನಗೆಯ ಮುಖ್ಯ ಗುರಿ, ತನಗೆ ತಿಳಿಯದ ಭಾಷೆಯಲ್ಲಿ ತನ್ನದೇ ಘನತೆಯನ್ನು ಕೇಳಿಸಿಕೊಳ್ಳಲು ಹಾತೊರೆಯುವ ಜೂರ್ದೇನ.

ಕೊನೆಯ ಉದಾಹರಣೆ ಬರ್ನಾರ್ಡ್ ಷಾನದು. ಇಂಗ್ಲಿಷ್ ರಂಗಭೂಮಿಯಲ್ಲಿ ಬಹುಕಾಲ ಐರಿಷ್ ಮನುಷ್ಯನೆಂದರೆ ಕುಡುಕ, ಬಾಯಿಬಡುಕ, ವಿಚಿತ್ರ ಉಚ್ಚಾರಣೆಯ ವಿದೂಷಕ. ಷಾ 1904ರ ‘ಜಾನ್ ಬುಲ್ಸ್ ಅದರ್ ಐಲ್ಯಾಂಡ್’ ನಾಟಕದ ಮೊದಲಲ್ಲೇ ಅಂಥವನೊಬ್ಬನನ್ನು ತರುತ್ತಾನೆ. ಆಂಗ್ಲ ಸಾಹೇಬ ಅವನ ಮಾತಿಗೆ ಮನಸೋಲುತ್ತಾನೆ. ಬಳಿಕ ನಿಜವಾದ ಐರಿಷ್ ಪಾಲುದಾರನಿಂದ ತಿಳಿಯುತ್ತದೆ, ಆತ ಐರ್ಲೆಂಡಿನವನೇ ಅಲ್ಲ, ಗ್ಲಾಸ್ಗೋದವನು. ನಗೆಪಾಟಲಿಗೆ ಗುರಿಯಾಗಿದ್ದ ಜನಾಂಗದ ಲೇಖಕನೇ ಲೇಖನಿ ಹಿಡಿದಾಗ ಅದೇ ಹಳೆಯ ತಂತ್ರ ನಗುವವನ ಕಡೆಗೇ ತಿರುಗಿತು.

ಈಗ ಕ್ಯಾರಿಟಿಯಾನಳ ಕಡೆಗೆ ಮರಳೋಣ. ಈ ಪರಂಪರೆಯ ಬೆಳಕಿನಲ್ಲಿ ನೋಡಿದರೆ ಆ ‘ಕನ್ನಡ’ ಮಾತುಗಳ ಪಾತ್ರವೇನು? ಗ್ರೀಕ್ ಬಲ್ಲ ಪ್ರೇಕ್ಷಕರಿಗೆ ಅರ್ಥವಾಗದೆ ನಗು ತರಿಸುವುದು. ಅಮಲಿನಲ್ಲಿ ತೂರಾಡುವ ಪರದೇಶಿ ಅರಸನ ಬಾಯಿಂದ ಹೊರಬೀಳುವ ಸದ್ದು ಅದು. ಕನ್ನಡವೇ ಆಗಿದ್ದ ಪಕ್ಷದಲ್ಲಿ, ಅಲ್ಲಿ ಕನ್ನಡಕ್ಕೆ ಸಿಕ್ಕಿದ್ದು ಸಿಂಹಾಸನವಲ್ಲ, ಕೋಡಂಗಿಯ ಪಕ್ಕದ ಸ್ಥಾನ. ಗ್ರೀಕರು ನಮ್ಮ ನುಡಿಯನ್ನು ಗೌರವಿಸಿದರೆಂದು ಸಾರುವುದು, ತುರ್ಕಿಯ ಮಾತಿನಲ್ಲಿ ತನ್ನ ಹೊಗಳಿಕೆಯನ್ನು ಕೇಳಿದ ಜೂರ್ದೇನನ ಸಾಲಿನಲ್ಲಿ ನಾವೂ ಹೋಗಿ ಕುಳಿತಂತೆ. ಇದರಲ್ಲಿ ಅವಮಾನಪಡುವಂಥದೂ ಇಲ್ಲ. ಸ್ಪಾರ್ಟಾದವರು, ಪರ್ಷಿಯನ್ನರು, ಕಾರ್ತೇಜಿಗರು, ತುರ್ಕರು, ಐರಿಷರು ಎಲ್ಲರೂ ಆ ರಂಗದ ಮೇಲೆ ಇದೇ ಸೇವೆ ಸಲ್ಲಿಸಿದವರೇ.

ಹೀಗೆ ಓದಬಹುದಾಗಿದ್ದ ವಿಷಯವನ್ನು ನಮ್ಮ ತರಗತಿಗಳು ಏನು ಮಾಡಿವೆ ನೋಡಿ. ಹಾಸ್ಯನಾಟಕವೆಂದರೆ ಪರೀಕ್ಷೆಯಲ್ಲಿ ಐದು ಅಂಕದ ಟಿಪ್ಪಣಿ. ಆಚಾರವಿಡಂಬನೆಯ ನಾಟಕ, ಭಾವುಕ ನಾಟಕ, ಪ್ರಹಸನ ಎಂದು ಪಟ್ಟಿ. ಒಂದೊಂದಕ್ಕೆ ಎರಡು ಲಕ್ಷಣ, ಒಬ್ಬ ಲೇಖಕ. ದುರಂತನಾಟಕಕ್ಕೆ ಇಡೀ ವರ್ಷ, ಹಾಸ್ಯಕ್ಕೆ ಕೊನೆಯ ವಾರ. ಅದೂ ಪಾಠ ಮುಗಿದಿದ್ದರೆ. ಇದಕ್ಕೆ ಅರಿಸ್ಟಾಟಲನನ್ನು ಸಾಕ್ಷಿಗೆ ಕರೆಯುವವರಿದ್ದಾರೆ. ಹಾಸ್ಯ ನಮಗಿಂತ ಕೀಳಾದವರ ಅನುಕರಣೆಯೆಂದು ಅವನು ಹೇಳಿದ್ದು ನಿಜ. ಆದರೆ ಹಾಸ್ಯದ ಬಗ್ಗೆ ಮುಂದೆ ಹೇಳುವೆನೆಂದು ಅವನು ಮಾತು ಕೊಟ್ಟ ಭಾಗ ನಮ್ಮ ಕೈಗೆ ಬಂದಿಲ್ಲ. ಅರ್ಧ ಕೇಳಿದ ಸಾಕ್ಷಿಯ ಮೇಲೆ ಪೂರ್ತಿ ತೀರ್ಪು ಕೊಡುವುದು ಯಾವ ನ್ಯಾಯ?

ಇಂಥ ಹೊಲಸನ್ನು ಮಕ್ಕಳಿಗೆ ಕಲಿಸಲಾದೀತೆ ಎಂದು ಕೇಳುವವರೂ ಇದ್ದಾರೆ. ಚಿಕ್ಕ ಮಕ್ಕಳಿಗೆ ಬೇಡ. ಆದರೆ ಕಣ್ಣು ಕಿತ್ತುಕೊಳ್ಳುವ ಈಡಿಪಸ್‌ನನ್ನೂ, ಹೆತ್ತ ಮಕ್ಕಳನ್ನು ಕೊಲ್ಲುವ ಮೀಡಿಯಾಳನ್ನೂ ಕಣ್ಣೆವೆಯಿಕ್ಕದೆ ಪಾಠ ಮಾಡುವ ಕಾಲೇಜು, ಒಂದು ಹೂಸಿಗೆ ಬೆಚ್ಚಿ ಬಾಗಿಲು ಮುಚ್ಚುವುದು ಸಭ್ಯತೆಯಲ್ಲ. ದೇಹಕ್ಕೆ ಹೆದರುವವನು ಹಾಸ್ಯವನ್ನು ಕಲಿಸಲಾರ, ಏಕೆಂದರೆ ಅಥೆನ್ಸಿನಿಂದ ಬೆರ್ಗಮೊವರೆಗೆ ಹಾಸ್ಯದ ಬಂಡವಾಳವೇ ಹಸಿವು, ಹೊಟ್ಟೆ, ಹೊಡೆತ, ಹಾಸಿಗೆ.

ನಿಜವಾಗಿ ಓದಿದವರು ನಮ್ಮಲ್ಲಿ ಇರಲಿಲ್ಲವೆಂದಲ್ಲ. ಮೊಲಿಯೇರನ ‘ತಾರ್ತೂಫ್’ 1664ರಲ್ಲಿ ಮೊದಲು ಆಡಿದೊಡನೆ ನಿಷೇಧಕ್ಕೊಳಗಾಗಿ, 1669ರಲ್ಲಷ್ಟೇ ಬಹಿರಂಗವಾಗಿ ಮುಂದುವರಿಯಲು ಅನುಮತಿ ಪಡೆದ ನಾಟಕ. ಎ. ಎನ್. ಮೂರ್ತಿರಾಯರು ಅದನ್ನು ‘ಆಷಾಢಭೂತಿ’ಯಾಗಿಸಿ ನಮ್ಮ ಮನೆಯದೇ ಕಥೆಯೆಂಬಂತೆ ಕೊಟ್ಟರು. ಪರ್ವತವಾಣಿಯವರು ಷೇಕ್ಸ್‌ಪಿಯರನ ‘ಟೇಮಿಂಗ್ ಆಫ್ ದಿ ಶ್ರೂ’ವನ್ನು ‘ಬಹದ್ದೂರ್ ಗಂಡ’ವಾಗಿಸಿದರು. ಅದೇ ಮುಂದೆ 1989ರ ‘ನಂಜುಂಡಿ ಕಲ್ಯಾಣ’ ಚಿತ್ರಕ್ಕೆ ಆಧಾರವಾಯಿತು. ಇವರು ಪಾಶ್ಚಾತ್ಯ ಹಾಸ್ಯದಲ್ಲಿ ಕನ್ನಡದ ಪದಗಳನ್ನು ಹುಡುಕಲಿಲ್ಲ. ಅದರ ಕಟ್ಟಡ ಹೇಗೆ ನಿಂತಿದೆಯೆಂದು ನೋಡಿ, ಕನ್ನಡದಲ್ಲಿ ಅಂಥದನ್ನು ಕಟ್ಟಿದರು. ಕನ್ನಡಕ್ಕೆ ಇದರಿಂದ ಆದ ಲಾಭ ಪಪೈರಸ್ಸಿನ ಸಾಲುಗಳಿಂದ ಆದುದಕ್ಕಿಂತ ಎಷ್ಟೋ ಪಾಲು ದೊಡ್ಡದು.

ಈ ಓದಿನಿಂದ ಇನ್ನೊಂದು ಪ್ರಯೋಜನವೂ ಇದೆ, ಅದು ಸ್ವಲ್ಪ ನೋಯಿಸುವಂಥದು. ನಮ್ಮ ಚಲನಚಿತ್ರಗಳಲ್ಲಿ, ನಗೆಹಬ್ಬದ ವೇದಿಕೆಗಳಲ್ಲಿ ಮಂಗಳೂರು ಕಡೆಯವರ ಪುಸ್ತಕದ ಕನ್ನಡ, ಉತ್ತರ ಕರ್ನಾಟಕದವರ ಮಾತಿನ ಧಾಟಿ, ತಮಿಳು ಮಿಶ್ರಿತ ಕನ್ನಡ, ಹಳ್ಳಿಯಿಂದ ಬಂದ ಆಳಿನ ನುಡಿ ಇವೆಲ್ಲ ಎಷ್ಟು ಸಲ ನಗೆಯ ಸರಕಾಗಿಲ್ಲ? ಕರಾವಳಿಯಿಂದ ಘಟ್ಟ ಹತ್ತಿ ಬಂದು ತರಗತಿಯಲ್ಲಿ ಬಾಯಿ ತೆರೆಯಲು ಹೆದರಿದ ಮಕ್ಕಳನ್ನು ನಾನು ಕಂಡಿದ್ದೇನೆ. ಎರಡು ಸಾವಿರ ವರ್ಷಗಳ ಹಿಂದೆ ಪರದೇಶದಲ್ಲಿ ನಮ್ಮ ನುಡಿ ನಗೆಗೆ ವಸ್ತುವಾದುದಕ್ಕೆ ಹೆಮ್ಮೆಪಡುವ ನಾವು, ನಮ್ಮ ಪಕ್ಕದ ಬೆಂಚಿನವನ ನುಡಿಯನ್ನು ನಗೆಗೆ ವಸ್ತುವಾಗಿಸಿದ್ದೇವೆ. ಎಲ್ಲ ಅಣಕವೂ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಹ್ಯಾನ್ನೊನ ಪ್ಯೂನಿಕ್ಕಿಗೆ ನಕ್ಕ ಪ್ರೇಕ್ಷಕ ಕೊನೆಯಲ್ಲಿ ಹ್ಯಾನ್ನೊನ ಪಕ್ಷದಲ್ಲಿ ನಿಂತಿರುತ್ತಾನೆ. ನಮ್ಮ ವೇದಿಕೆಯ ಅಣಕ ಮುಗಿದಾಗ ಪ್ರೇಕ್ಷಕ ಯಾರ ಪಕ್ಷದಲ್ಲಿರುತ್ತಾನೆ? ಪ್ಲಾಟಸನನ್ನು ಓದಿದವನಿಗೆ ಈ ಪ್ರಶ್ನೆ ಹುಟ್ಟುತ್ತದೆ. ನಾಲ್ಕು ಲಕ್ಷಣಗಳ ಪಟ್ಟಿ ಬಾಯಿಪಾಠ ಮಾಡಿದವನಿಗೆ ಹುಟ್ಟುವುದಿಲ್ಲ.

ನಿಮ್ಮಲ್ಲಿ ಕೆಲವರು ಈಗ ಕಾಲೇಜುಗಳಲ್ಲಿ ಅಧ್ಯಾಪಕರು. ಇನ್ನು ಕೆಲವರು ಹೊರನಾಡುಗಳ ಕನ್ನಡ ಸಂಘಗಳಲ್ಲಿ ಪ್ರತಿವರ್ಷ ರಾಜ್ಯೋತ್ಸವಕ್ಕೆ ನಾಟಕ ಆಡಿಸುವವರು. ನಿಮ್ಮಲ್ಲಿ ನನ್ನದೊಂದು ಕೋರಿಕೆ. ಈ ಪ್ರಹಸನ ಬಲು ಚಿಕ್ಕದು, ಇಂಗ್ಲಿಷ್ ಅನುವಾದ ಒಂದು ಸಂಜೆಯಲ್ಲಿ ಓದಿ ಮುಗಿಯುತ್ತದೆ. ಅದರ ಜೊತೆಗೆ ‘ಅಕಾರ್ನಿಯನ್ಸ್’, ‘ಪೀನುಲಸ್’ ಮತ್ತು ಮೊಲಿಯೇರನ ಆ ನಾಟಕ, ಈ ಮೂರನ್ನು ಓದಿ. ಓದುವಾಗ ಗಟ್ಟಿಯಾಗಿ ಓದಿ, ಸಾಧ್ಯವಾದರೆ ನಾಲ್ವರು ಪಾತ್ರ ಹಂಚಿಕೊಂಡು ಓದಿ. ಅನಂತರ ಕ್ಯಾರಿಟಿಯಾನಳನ್ನು ಕನ್ನಡದಲ್ಲೇ ಆಡಿ. ಆಗ ನಿಮಗೊಂದು ಸೊಗಸಾದ ಸಮಸ್ಯೆ ಎದುರಾಗುತ್ತದೆ: ಎಲ್ಲರೂ ಕನ್ನಡ ಬಲ್ಲ ಸಭೆಯಲ್ಲಿ ಆ ಅರಸ ಯಾವ ಭಾಷೆಯಲ್ಲಿ ಮಾತನಾಡಬೇಕು? ಅಮೆರಿಕದಲ್ಲಿರುವ ಶಿಷ್ಯರು ಒಂದು ಬಗೆಯಾಗಿ, ಮುಂಬಯಿಯವರು ಇನ್ನೊಂದು ಬಗೆಯಾಗಿ ಇದನ್ನು ಬಿಡಿಸಿಯಾರು. ನಿಮ್ಮ ಪರಿಹಾರವೇನೆಂದು ನನಗೆ ಬರೆದು ತಿಳಿಸಿ. ಹೂಸಿನ ಭಾಗವನ್ನು ಮಾತ್ರ ಕತ್ತರಿಸಬೇಡಿ.